ಐದನೇ ಕಾಲಂ: ತಯಾರಾದ ದೇಶ

ಚುನಾವಣೆ ಘೋಷಣೆಯಾದ ಮೂರನೇ ದಿನ
ಶ್ರೀನಿವಾಸಪುರ ಠಾಣೆಯ ಹಿಂದಿನ ಕೋಣೆಗೆ
ಬಂದೂಕುಗಳು ಬರತೊಡಗಿದವು,
ಗೋಣಿಯಲ್ಲಿ, ಲುಂಗಿಯಲ್ಲಿ,
ಒಂದು ಹಳೇ ಧಾರೆ ಸೀರೆಯಲ್ಲಿ ಸುತ್ತಿಕೊಂಡು.
ರಿಜಿಸ್ಟರು ನನ್ನದು.
ಮಾವಿನ ತೋಪಿನವರ ಹೆಸರು, ಲೈಸೆನ್ಸು,
ನಳಿಗೆ ಒಂದೋ ಎರಡೋ,
ಐದನೇ ಕಾಲಂ: ತಯಾರಾದ ದೇಶ.

ನನಗೇನು ಗೊತ್ತು ದೇಶ?
ತುಕ್ಕು ತಿಂದ ಅಕ್ಷರ ಓದಲೆಂದು
ಮುಳಬಾಗಿಲಿನಿಂದ ಪಾಪಾಚಾರ್ರನ್ನು ಕರೆಸಿದರು ಸಾಹೇಬರು.
ಬಂದವರು ಕನ್ನಡಕ ತೆಗೆದು ಜೇಬಿಗಿಟ್ಟರು.
"ಪೇಪರ್ ಓದೋಕೆ ಬೇಕು ತಾಯಿ, ಇದಕ್ಕೆ ಬೇಡ."

ನಳಿಗೆ ಬಿಚ್ಚಿ, ದಾರಕ್ಕೆ ಕಟ್ಟಿ,
ಕಿಟಕಿಯ ಸರಳಿಗೆ ತೂಗುಬಿಟ್ಟು
ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು.
ನಾದ ಕೋಣೆಯಲ್ಲೇ ನಿಂತಿತು,
ಸೆಂಟ್ರಿ ಗಂಟೆಯಾಯಿತೇನೋ ಎಂದು ಇಣುಕಿದ.
"ಇಂಗ್ಲೆಂಡು. ಬರ್ಮಿಂಗ್‌ಹ್ಯಾಮು. ಬರ್ಕೊ.
ಬೆಸುಗೆ ಬಿಟ್ಟಿದ್ರೆ
ಒಡೆದ ಮಡಕೆ ಹಂಗೆ ಅಂತಿತ್ತು."

ಸ್ಕ್ರೂಗಳ ತಲೆ ತೋರಿಸಿದರು:
ಸೀಳುಗಳೆಲ್ಲ ಒಂದೇ ದಿಕ್ಕಿಗೆ,
ಪ್ರಾರ್ಥನೆಗೆ ನಿಂತ ಸ್ಕೂಲು ಮಕ್ಕಳ ಹಾಗೆ.
ಒಳಗಿನವೂ, ಯಾರೂ ನೋಡದವೂ, ಹಾಗೇ.
ಬೆಲ್ಜಿಯಮ್ಮಿನವನೂ ಸಾಲು ನಿಲ್ಲಿಸುತ್ತಾನೆ, ಹೊರಗಡೆ;
ಬಿಚ್ಚಿದರೆ ಒಳಗೆ
ಕೊನೇ ಬೆಲ್ಲು ಹೊಡೆದ ಮೇಲಿನ ಸ್ಕೂಲು.
"ಆದರೆ ಕೆತ್ತೋ ಕೈ ಅವನದೇ.
ನೋಡು, ಈ ಬಾತಿನ ಕಣ್ಣಿಗೆ
ಎಷ್ಟು ಸಲ ಉಸಿರು ಹಿಡಿದನೋ."

ಸ್ಪೇನಿನದ್ದಕ್ಕೆ ನಕ್ಕರು.
ಪಕ್ಕದವನ ಹಾಳೆ ನೋಡಿ ಬರೆದ ಹುಡುಗ:
ಅಕ್ಷರ ಅವನಿಗಿಂತಲೂ ದುಂಡಗೆ,
ಸ್ಪ್ರಿಂಗಿನಲ್ಲಿ ಮಾತ್ರ ಪಾಠ ಅರ್ಥವಾಗಿಲ್ಲ.
ರಷ್ಯದ್ದನ್ನು ತಟ್ಟಲಿಲ್ಲ, ಎತ್ತಿ ನೋಡಿ ಇಟ್ಟರು.
"ಒನಕೆ. ಅಂದ ಕೇಳಬೇಡ, ಮೊಮ್ಮಗನಿಗೂ ಆಗುತ್ತೆ."
ನಮ್ಮ ಸರ್ಕಾರಿ ಕಾರ್ಖಾನೆಯದ್ದು ಬಂದಾಗ
ತುಸು ಹೊತ್ತು ಸುಮ್ಮನಿದ್ದು
ಮರದ ಮೇಲಿನ ದಪ್ಪ ವಾರ್ನಿಷ್ಷು ಉಗುರಲ್ಲಿ ಕೆರೆದರು.
"ಕಬ್ಬಿಣ ಒಳ್ಳೇದೇ.
ಐದು ಗಂಟೆ ಬಸ್ಸಿಗೆ ಅವಸರ ಇತ್ತು ಯಾರಿಗೋ."

ಆ ಇಂಗ್ಲೆಂಡಿನದು ರೋಣೂರಿನ ಯರ್ರಪ್ಪನವರದು.
ಕೋತಿ ಹೆದರಿಸಲು ಗಾಳಿಗೆ ಹೊಡೆದರೂ
ಮೂವತ್ತು ವರ್ಷದಿಂದ ಕೆನ್ನೆಗೇ ಒದೆಯುತ್ತದಂತೆ.
ಆಚಾರ್ರು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದರು.
"ಇದು ನಿಮಗೆ ಹೊಲಿದ ಅಂಗಿಯಲ್ಲ ಸ್ವಾಮಿ.
ಕೋಲಾರದ ಗಣಿಯ ದೊರೆ ಯಾವನೋ,
ಬಲಗಣ್ಣು ಇರಲಿಲ್ಲ ಅವನಿಗೆ.
ಬಲಭುಜಕ್ಕಿಟ್ಟು ಎಡಗಣ್ಣಲ್ಲಿ ನೋಡಲಿ ಅಂತ
ಮರಾನೇ ಬಗ್ಗಿಸಿದ್ದಾರೆ."
ಯರ್ರಪ್ಪ ಎಡಗಣ್ಣು ಮುಚ್ಚಿದರು, ತೆರೆದರು,
ಇಷ್ಟು ಕಾಲ ಇನ್ನೊಬ್ಬನ ಕುರುಡಿನಿಂದ
ತೋಪು ಕಾದವರಂತೆ.

ಸೀರೆಯೊಳಗಿನದು ಗೌನಿಪಲ್ಲಿ ಸುಬ್ಬಕ್ಕನದು.
ಕೇಪಿನ ಬಂದೂಕು. ಹೆಸರಿಲ್ಲ, ಮುದ್ರೆಯಿಲ್ಲ.
ಗಣಿಯಲ್ಲಿ ಕಲ್ಲು ಕೊರೆದ ಸಲಾಕೆಯೇ ನಳಿಗೆ,
ಹುಣಸೆಮರದ ಹಿಡಿ,
ಒಂದೇ ಒಂದು ಸ್ಕ್ರೂ.
"ಒಂದೇ ಇದ್ದ ಮೇಲೆ
ಅದು ನಿಂತಿದ್ದೇ ಸಾಲು" ಎಂದರು ಆಚಾರ್ರು,
ಹಿಡಿಯ ಅಡಿಯ ಉಳಿಗುರುತನ್ನು ಹೆಬ್ಬೆರಳಲ್ಲಿ ಹುಡುಕಿ
ಅಲ್ಲೇ ಇಟ್ಟುಕೊಂಡರು ಹೆಬ್ಬೆರಳು.
"ದೇಶ?" ಎಂದೆ.
"ನಮ್ಮಪ್ಪ" ಎಂದರು.

ಅದನ್ನೂ ದಾರಕ್ಕೆ ಕಟ್ಟಿದರು. ತಟ್ಟಿದರು.
ಹುಗಿದ ಹಾಗೆ ಒಂದು ಸದ್ದು.
ಮತ್ತೊಮ್ಮೆ ತಟ್ಟಬಹುದಿತ್ತು, ತಟ್ಟಲಿಲ್ಲ.
"ಒಡಕಿದೆ ತಾಯಿ. ಮದ್ದು ತುಂಬಬೇಡಿ ಇದಕ್ಕೆ."
"ಯಾರು ತುಂಬುತ್ತಾರೆ?" ಎಂದರು ಸುಬ್ಬಕ್ಕ,
"ಬಾಗಿಲ ಹಿಂದೆ ಇದ್ದರೆ ಸಾಕು."
ಎಲ್ಲಕ್ಕಿಂತ ಹೆಚ್ಚು ಎಣ್ಣೆ ಕುಡಿದದ್ದು ಅದೇ.

ಗೀಟು ಹಾಕಿ ಬಿಡು ಎಂದರು ಸಾಹೇಬರು.
ನಾನು ಮುಳಬಾಗಿಲು ಎಂದು ಬರೆದೆ,
ಇಂಗ್ಲೆಂಡಿನ ಕೆಳಗೆ, ಅಷ್ಟೇ ದಪ್ಪಕ್ಷರದಲ್ಲಿ.
ಸುಬ್ಬಕ್ಕ ಹೋಗುವಾಗ ಸೀರೆಯನ್ನು
ಮಡಿಕೆ ಕೂಡಿಸಿ, ಕಂಕುಳಲ್ಲಿಟ್ಟು,
ಬಾಗಿಲಲ್ಲಿ ನಿಂತು ಕೇಳಿದರು:
ಕೊಂಡು ಹೋಗಬಹುದಲ್ಲಾ ಇದನ್ನ?
ಇದಕ್ಕೇನೂ ರಸೀತಿ ಬೇಡವಲ್ಲಾ?